ಹಾಡು ಹಿಡಿದಿಟ್ಟ ಪೊಲೀಸ್ ಅಧಿಕಾರಿ: ನಡಿಕೇರಿಯಂಡ ಚಿಣ್ಣಪ್ಪ



ನಮ್ಮ ಗೋಡೆ ಪತ್ರಿಕೆಯಲ್ಲಿ ರಾಜರು, ಶರಣರು, ಸ್ವಾತಂತ್ರ್ಯ ಹೋರಾಟಗಾರರ ಚರಿತ್ರೆ ಬಹಳ ಬಂದಾವ. ಈ ಸಲ ನಾನು ಒಬ್ಬ ಪೊಲೀಸ್ ಅಧಿಕಾರಿಯ ಚರಿತ್ರೆ ಬರೆಯುತ್ತೇನೆ. ಕಳ್ಳರನ್ನು ಹಿಡಿದವರು ಬಹಳ ಮಂದಿ. ಇವರು ಕಳೆದುಹೋಗುವ ಹಾಡುಗಳನ್ನು ಹಿಡಿದಿಟ್ಟರು.

ನಮ್ಮ ಕೃಷ್ಣೆಯಂತೆ ಕಾವೇರಿಯೂ ಸಹ್ಯಾದ್ರಿಯಲ್ಲೇ ಹುಟ್ಟುತ್ತಾಳೆ. ಕಾವೇರಿ ಹುಟ್ಟುವ ತಲಕಾವೇರಿ ಇರುವುದು ಕೊಡಗಿನಲ್ಲಿ. ಕೊಡಗು ಅಂದರೆ ಬರೀ ಗುಡ್ಡ, ಕಣಿವೆ, ಕಾಡು. ತಗ್ಗಿನಲ್ಲಿ ಭತ್ತದ ಗದ್ದೆ, ಇಳಿಜಾರಿನಲ್ಲಿ ಕಾಫಿ ತೋಟ. ಅಲ್ಲಿಯ ಕೊಡವ ಜನರು ಮನೆತನಕ್ಕೆ ಒಕ್ಕ ಅಂತಾರೆ, ಹಿರಿಯರ ದೊಡ್ಡ ಮನೆಗೆ ಐನ್‌ಮನೆ ಅಂತಾರೆ. ನಮ್ಮ ಕಡೆ ಅಡ್ಡಹೆಸರು ಕೊನೆಗೆ ಬರ್ತದ, ಅವರಲ್ಲಿ ಮೊದಲಿಗೆ ಬರ್ತದ. ಹೀಗಾಗಿ ನಡಿಕೇರಿಯಂಡ ಎಂಬುದು ಮನೆತನ, ಚಿಣ್ಣಪ್ಪ ಎಂಬುದು ಅವರ ಹೆಸರು.

ಚಿಣ್ಣಪ್ಪನವರು 1875ರಲ್ಲಿ ಹುಟ್ಟಿದರು. ಆಗ ಕೊಡಗು ಬ್ರಿಟಿಷರ ಕೈಯಲ್ಲಿತ್ತು. 1834ರಲ್ಲಿ ಅವರು ಅಲ್ಲಿಯ ರಾಜನನ್ನು ಇಳಿಸಿ ನಾಡನ್ನು ತಗೊಂಡಿದ್ದರು. ಚಿಣ್ಣಪ್ಪನವರು ಸೈನ್ಯದಲ್ಲಿ ಇದ್ದರು, ಮಾಸ್ತರಕಿ ಮಾಡಿದರು, ಪೊಲೀಸ್ ಅಧಿಕಾರಿಯಾದರು. ಜೊತೆಗೆ ಕವಿಗಳು, ಹಾಡುಗಾರರು.

ಕೊಡವರ ಬಹಳಷ್ಟು ಚರಿತ್ರೆ ಆಗ ಕಾಗದದ ಮೇಲೆ ಇರಲಿಲ್ಲ, ಬಾಯಲ್ಲಿತ್ತು. ನಾಲ್ಕು ಮಂದಿ ಗಂಡಸರು ಕೂಡಿ, ದುಡಿ ಎಂಬ ಸಣ್ಣ ವಾದ್ಯ ಬಾರಿಸುತ್ತ ಹಾಡುತ್ತಾರೆ. ಇದಕ್ಕೆ ಬಾಳೋಪಾಟ್ ಅಂತಾರೆ. ಮದುವೆಗೆ ಬೇರೆ ಹಾಡು, ಸಾವಿಗೆ ಬೇರೆ ಹಾಡು, ಹೊಸ ಭತ್ತ ಮನೆಗೆ ತರುವ ಪುತ್ತರಿ ಹಬ್ಬಕ್ಕೆ ಬೇರೆ ಹಾಡು. ಊರ ದೇವರ ಕಥೆ, ವೀರರ ಕಥೆ ಎಲ್ಲಾ ಹಾಡಿನೊಳಗೇ ಇದ್ದವು. ಹಾಡು ಬಲ್ಲ ಮುದುಕ ತೀರಿಕೊಂಡರೆ ಅವನ ಸಂಗಡ ಹಾಡೂ ಹೋಗುವ ಭಯ ಇತ್ತು.

ಜರ್ಮನಿಯ ಪಾದ್ರಿ ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಮಾಡಿದ್ದರು. ಅದು ಹೊರಗಿನವರು ನೋಡಿ ಬರೆದದ್ದು. ಚಿಣ್ಣಪ್ಪನವರು ಒಳಗಿನವರು. ಅವರು ತಮ್ಮ ಜನರ ಹಾಡು, ಗಾದೆ, ಹಬ್ಬ, ಮದುವೆ ಸಾವಿನ ಪದ್ಧತಿ ಎಲ್ಲಾ ಕೂಡಿಸಿ 1924ರಲ್ಲಿ ಪಟ್ಟೋಲೆ ಪಳಮೆ ಎಂಬ ಪುಸ್ತಕ ಹೊರತಂದರು. ಅದರ ಮೂರರಲ್ಲಿ ಎರಡು ಪಾಲು ಹಾಡುಗಳೇ. ಕೊಡವ ಮಾತನ್ನು ಅವರು ಬರೆದದ್ದು ನಮ್ಮ ಕನ್ನಡ ಅಕ್ಷರದಲ್ಲಿ. ನಮ್ಮ ಅಕ್ಷರ ಇನ್ನೊಂದು ಭಾಷೆಯನ್ನು ಕಾಯ್ದಿದೆ ಅಂತ ತಿಳಿದು ನನಗೆ ಬಹಳ ಹೆಮ್ಮೆಯಾಯಿತು.

ಭಗವದ್ಗೀತೆಯನ್ನೂ ಅವರು ಕೊಡವ ಭಾಷೆಗೆ ತಂದರು. 1931ರಲ್ಲಿ ತೀರಿಕೊಂಡರು. ಅವರ ಮೊಮ್ಮಕ್ಕಳಾದ ಬೊವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಪಟ್ಟೋಲೆ ಪಳಮೆಯನ್ನು ಇಂಗ್ಲಿಷಿಗೆ ಮಾಡಿದರು, ಅದು 2003ರಲ್ಲಿ ಪ್ರಕಟವಾಯಿತು. ಪುಸ್ತಕಕ್ಕೆ 2024ಕ್ಕೆ ನೂರು ವರ್ಷ ತುಂಬಿತು.

ಇದು ಯಾಕೆ ದೊಡ್ಡ ಕೆಲಸ ಅಂದರೆ, 2011ರ ಜನಗಣತಿಯಲ್ಲಿ ಕೊಡವ ತಮ್ಮ ಮಾತೃಭಾಷೆ ಎಂದವರು ಸುಮಾರು 1 ಲಕ್ಷ 14 ಸಾವಿರ ಮಂದಿ ಮಾತ್ರ. ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲೇ ಆಗ 47 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಯುನೆಸ್ಕೋ ಸಂಸ್ಥೆ ಕೊಡವವನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೂ ಆ ಹಾಡುಗಳನ್ನು ಇವತ್ತಿಗೂ ಹಾಡ್ತಾರೆ. ಪುಸ್ತಕದಲ್ಲಿ ಮಾತು ಉಳಿಯುತ್ತದೆ. ಧಾಟಿ ಮಾತ್ರ ಹಿರಿಯರ ಬಾಯಿಂದ ಕಿರಿಯರ ಬಾಯಿಗೇ ಬರಬೇಕು.

ನಮ್ಮ ಕಡೆ ಹಾಡಿಗೇನು ಬರ ಇಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಯಾವ ಕಡೆ ಹೋದರೂ ಸೋಬಾನ ಪದ, ಡೊಳ್ಳಿನ ಪದ, ಚೌಡಕಿ ಪದ ಬಲ್ಲವರು ಸಿಗ್ತಾರ. ಆದರೆ ಊರೂರಿಗೆ ಹಿಟ್ಟಿನ ಗಿರಣಿ ಬಂದ ಮ್ಯಾಲೆ ಬೀಸುಕಲ್ಲು ಮೂಲೆ ಸೇರಿತು. ಬೀಸುವಾಗ ಹಾಡುತ್ತಿದ್ದ ಪದ ಈಗ ಮುದುಕಿಯರಿಗಷ್ಟೇ ನೆನಪದಾವ. ನಮ್ಮ ಆಯಿ, ಅಜ್ಜಿ ಇರೋತನಕ ಅಷ್ಟೇ ಅವು.

ಚಿಣ್ಣಪ್ಪನವರು ನೌಕರಿ ಮಾಡುತ್ತಲೇ ಒಂದು ನಾಡಿನ ಹಾಡು ಕೂಡಿಸಿದರು. ನಾವು ಸಾಲಿ ಕಲಿಯುತ್ತ ಒಂದು ಊರಿನ ಹಾಡು ಕೂಡಿಸಲಾಗದೇ? ಬರುವ ಸಂಚಿಕೆಗೆ ಎಲ್ಲರೂ ಮನೆಯ ಹಿರಿಯರಿಂದ ಒಂದೊಂದು ಪದ ಕೇಳಿ ಬರಕೊಂಡು ಬರ್ರಿ. ಯಾವ ಊರಿನ ಪದ, ಯಾವಾಗ ಹಾಡ್ತಾರ ಅನ್ನೋದನ್ನೂ ಕೆಳಗೆ ಬರೀರಿ. ಅವರು ಹೇಳಿದ ಮಾತನ್ನು ತಿದ್ದಬ್ಯಾಡ್ರಿ, ಹೇಳಿದ ಹಾಗೇ ಬರೀರಿ.