ಯೂಜೀನ್ ಕ್ರಿಸ್ತೋಫ್

ಯೂಜೀನ್ ಕ್ರಿಸ್ತೋಫ್ (ಜನವರಿ ೨೨, ೧೮೮೫ – ಫೆಬ್ರುವರಿ ೧, ೧೯೭೦) ಫ್ರಾನ್ಸ್ ದೇಶದ ವೃತ್ತಿಪರ ಸೈಕಲ್ ಪಟು. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಮುನ್ನಡೆಯ ಗುರುತಾದ ಹಳದಿ ಅಂಗಿಯನ್ನು ಅಧಿಕೃತವಾಗಿ ಮೊದಲು ಧರಿಸಿದವರು ಇವರು. ಆದರೆ ಆ ಸ್ಪರ್ಧೆಯನ್ನು ಇವರು ಒಮ್ಮೆಯೂ ಗೆಲ್ಲಲಿಲ್ಲ.

ಆರಂಭಿಕ ಜೀವನ

ಕ್ರಿಸ್ತೋಫ್ ಪ್ಯಾರಿಸ್ ನಗರಕ್ಕೆ ಹೊಂದಿಕೊಂಡಿರುವ ಮಲಕಾಫ್‌ನಲ್ಲಿ ಜನಿಸಿದರು. ಸೈಕಲ್ ಸ್ಪರ್ಧೆಗಳಿಗೆ ಬರುವ ಮುನ್ನ ಬೀಗ ತಯಾರಿಸುವ ಕೆಲಸವನ್ನು ಕಲಿತಿದ್ದರು. ೧೯೦೬ರಲ್ಲಿ ಮೊದಲ ಬಾರಿಗೆ ಟೂರ್ ಡಿ ಫ್ರಾನ್ಸ್‌ನಲ್ಲಿ ಭಾಗವಹಿಸಿದರು.

ಹಿಮಪಾತದಲ್ಲಿ ಗೆಲುವು

೧೯೧೦ರ ಏಪ್ರಿಲ್ ೩ರಂದು ಇಟಲಿಯಲ್ಲಿ ನಡೆದ ಮಿಲಾನ್–ಸ್ಯಾನ್ ರೆಮೊ ಸ್ಪರ್ಧೆಯು ಸೈಕಲ್ ಕ್ರೀಡೆಯ ಇತಿಹಾಸದಲ್ಲಿ ಅತ್ಯಂತ ಕಠಿಣವಾದವುಗಳಲ್ಲೊಂದು. ಸುಮಾರು ೨೯೦ ಕಿ.ಮೀ. ಉದ್ದದ ಆ ಮಾರ್ಗದಲ್ಲಿರುವ ತುರ್ಕಿನೊ ಘಟ್ಟದ ಎತ್ತರ ೬೦೦ ಮೀಟರಿಗೂ ಕಡಿಮೆ, ಅಂದರೆ ಬೆಂಗಳೂರಿಗಿಂತಲೂ ತಗ್ಗು. ಆದರೂ ಅಂದು ಅಲ್ಲಿ ದಾರಿಯೇ ಕಾಣದಷ್ಟು ಹಿಮ ಬಿದ್ದಿತ್ತು. ಚಳಿಯಿಂದ ಮರಗಟ್ಟಿದ ಕ್ರಿಸ್ತೋಫ್ ಘಟ್ಟದ ಮೇಲಿನ ಒಂದು ಹೋಟೆಲಿನಲ್ಲಿ ಕಂಬಳಿ ಹೊದ್ದು ಮೈ ಕಾಯಿಸಿಕೊಂಡರು. ಬಳಿಕ ಪುನಃ ಹೊರಟು, ೧೨ ಗಂಟೆ ೨೪ ನಿಮಿಷಗಳಲ್ಲಿ ಗುರಿ ತಲುಪಿ ಜಯಶಾಲಿಯಾದರು. ಹೊರಟಿದ್ದ ಅರವತ್ತಕ್ಕೂ ಹೆಚ್ಚು ಸ್ಪರ್ಧಿಗಳಲ್ಲಿ ಅಧಿಕೃತವಾಗಿ ಸ್ಪರ್ಧೆ ಮುಗಿಸಿದವರು ನಾಲ್ವರು ಮಾತ್ರ. ಈ ಗೆಲುವಿಗೆ ಅವರು ತೆತ್ತ ಬೆಲೆ ದೊಡ್ಡದು. ಸುಮಾರು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದ ಅವರು ಪೂರ್ಣವಾಗಿ ಚೇತರಿಸಿಕೊಳ್ಳಲು ಎರಡು ವರ್ಷಗಳೇ ಬೇಕಾದವು. ೧೯೧೨ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸತತ ಮೂರು ಹಂತಗಳನ್ನು ಗೆದ್ದು ಎರಡನೆಯ ಸ್ಥಾನ ಪಡೆದರು.

ಕುಲುಮೆಯ ಪ್ರಸಂಗ

ಆ ಕಾಲದ ನಿಯಮದಂತೆ, ಸೈಕಲ್ ಕೆಟ್ಟರೆ ಸ್ಪರ್ಧಿಯೇ ಅದನ್ನು ಸರಿಪಡಿಸಿಕೊಳ್ಳಬೇಕಿತ್ತು. ಪರರ ನೆರವು ನಿಷಿದ್ಧವಾಗಿತ್ತು. ೧೯೧೩ರಲ್ಲಿ ಪಿರೆನೀಸ್ ಪರ್ವತಶ್ರೇಣಿಯ ಟೂರ್ಮಲೆ ಘಟ್ಟವನ್ನು ಇಳಿಯುವಾಗ ಕ್ರಿಸ್ತೋಫರ ಸೈಕಲ್ಲಿನ ಮುಂಚಕ್ರದ ಫೋರ್ಕ್ ಮುರಿಯಿತು. ಅವರು ಸೈಕಲನ್ನು ಹೊತ್ತು ಹತ್ತು ಕಿ.ಮೀ.ಗೂ ಹೆಚ್ಚು ದೂರ ನಡೆದು ಸೇಂಟ್ ಮೇರಿ ದ ಕಂಪಾನ್ ಗ್ರಾಮದ ಕುಲುಮೆಯನ್ನು ತಲುಪಿದರು. ಅಲ್ಲಿ ಅಧಿಕಾರಿಗಳ ಎದುರಿನಲ್ಲೇ ತಾವೇ ಫೋರ್ಕನ್ನು ಬೆಸೆದರು. ಹುಡುಗನೊಬ್ಬ ತಿದಿ ಒತ್ತಿದ್ದನೆಂಬ ಕಾರಣಕ್ಕೆ ಅವರಿಗೆ ಸಮಯದ ದಂಡವನ್ನೂ ವಿಧಿಸಲಾಯಿತು.

ಹಳದಿ ಅಂಗಿ

ಮೊದಲ ಮಹಾಯುದ್ಧದ ನಂತರ, ೧೯೧೯ರ ಜುಲೈ ೧೯ರಂದು ಗ್ರನೋಬಲ್‌ನಲ್ಲಿ ಅವರಿಗೆ ಹಳದಿ ಅಂಗಿಯನ್ನು ನೀಡಲಾಯಿತು. ಸ್ಪರ್ಧೆಯನ್ನು ನಡೆಸುತ್ತಿದ್ದ ಲೋಟೊ ಪತ್ರಿಕೆಯ ಕಾಗದದ ಬಣ್ಣವೂ ಹಳದಿಯೇ ಆಗಿತ್ತು. ಮುಕ್ತಾಯಕ್ಕೆ ಮೊದಲಿನ ಹಂತದಲ್ಲಿ, ಕಲ್ಲುಹಾಸಿನ ರಸ್ತೆಯಲ್ಲಿ ಫೋರ್ಕ್ ಮತ್ತೆ ಮುರಿದುದರಿಂದ ಗೆಲುವು ಬೆಲ್ಜಿಯಂನ ಫಿರ್ಮಿನ್ ಲಾಂಬೊ ಅವರ ಪಾಲಾಯಿತು, ಕ್ರಿಸ್ತೋಫ್ ಮೂರನೆಯವರಾದರು. ಪತ್ರಿಕೆಯ ಓದುಗರು ಹಣ ಸಂಗ್ರಹಿಸಿ ಅವರನ್ನು ಪುರಸ್ಕರಿಸಿದರು. ೧೯೨೨ರಲ್ಲಿ ಮೂರನೆಯ ಬಾರಿ ಇದೇ ಅವಘಡ ಸಂಭವಿಸಿತು.

ಸ್ಮರಣೆ

ಕ್ರಿಸ್ತೋಫ್ ಪ್ಯಾರಿಸ್‌ನಲ್ಲಿ ನಿಧನ ಹೊಂದಿದರು. ಸೇಂಟ್ ಮೇರಿ ದ ಕಂಪಾನ್ ಗ್ರಾಮದಲ್ಲಿ ಅವರ ಸ್ಮಾರಕ ಫಲಕವಿದೆ.