ಸಂಡೂರಿನ ಗುಡ್ಡದಲ್ಲಿ ಓಡಾಡಿದ ಎಂ. ಕೃಷ್ಣನ್

ಈ ಸಲ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಅಂತ ಸರ್ ಹೇಳಿದಾಗ ಎಲ್ಲರೂ ಗಾಂಧೀಜಿ, ವಿವೇಕಾನಂದ ಅಂತ ಹೆಸರು ಕೊಟ್ಟರು. ಕೃಷ್ಣದೇವರಾಯನ ಬಗ್ಗೆಯೇ ಆರು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಬೇರೆ ಕೃಷ್ಣನ ಬಗ್ಗೆ. ಇವರು ರಾಜ ಅಲ್ಲ, ಯುದ್ಧ ಮಾಡಿದವರೂ ಅಲ್ಲ. ಕಾಡಿನಲ್ಲಿ ಸುಮ್ಮನೆ ಕೂತು ಆನೆ, ಕಾಟಿ, ಕಡವೆ, ಕರಡಿಗಳನ್ನು ನೋಡಿ ಬರೆದಿಟ್ಟವರು. ಇವರು ಏಳು ವರ್ಷ ನಮ್ಮ ಪಕ್ಕದ ಸಂಡೂರಿನಲ್ಲೇ ಇದ್ದರು.

ಇವರನ್ನು ಯಾಕೆ ಆರಿಸಿಕೊಂಡೆ ಅಂತ ಮೊದಲು ಹೇಳುತ್ತೇನೆ. ಹೋದ ವರ್ಷ ಶೇಂಗಾ ಕೀಳುವ ಕಾಲದಲ್ಲಿ ನಸುಕಿನಲ್ಲಿ ಹೊಲಕ್ಕೆ ಹೋಗಿದ್ದ ನಮ್ಮ ಸೋದರಮಾವನ ಮೇಲೆ ಕರಡಿ ಬಿತ್ತು. ಎಡಗೈಗೆ, ಕಿವಿಯ ಹತ್ತಿರ ಹದಿನಾಲ್ಕು ಹೊಲಿಗೆ ಹಾಕಿದರು. ಮಾಮ ಒಂದು ತಿಂಗಳು ಮನೆಯಲ್ಲೇ ಮಲಗಿದ. ನಮ್ಮ ಅವ್ವ ದಿನಾ ಅಳುತ್ತಿದ್ದಳು. ಆಗ ನಾನು ತರಗತಿಯಲ್ಲಿ ಎದ್ದು ನಿಂತು, ಇರೋ ಕರಡಿಗಳನ್ನೆಲ್ಲಾ ಗುಂಡು ಹಾಕಿ ಕೊಲ್ಲಬೇಕು ಅಂತ ಹೇಳಿದೆ. ಸರ್ ನನಗೆ ಬೈಯಲಿಲ್ಲ. ಕರಡಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ಹೊತ್ತಿಗೆ ಇಳಿದು ಬರುತ್ತದೆ ಅಂತ ಕೇಳಿದರು. ನನಗೆ ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಅವರು ಎಂ. ಕೃಷ್ಣನ್ ಕಥೆ ಹೇಳಿದರು.

ಮಾಧವಯ್ಯ ಕೃಷ್ಣನ್ ಅವರು 1912ನೇ ಇಸವಿ ಜೂನ್ 30ರಂದು ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಜನಿಸಿದರು. ತಂದೆ ಎ. ಮಾಧವಯ್ಯ ಸರ್ಕಾರಿ ನೌಕರಿಯಲ್ಲಿದ್ದರು, ತಮಿಳಿನಲ್ಲಿ ಕಾದಂಬರಿ ಬರೆದು ಹೆಸರಾದವರು. ಎಂಟು ಮಕ್ಕಳಲ್ಲಿ ಕೃಷ್ಣನ್ ಕಡೆಯವರು. ಇವರು ಬೆಳೆದದ್ದು ಮದ್ರಾಸಿನ ಮೈಲಾಪುರದಲ್ಲಿ. ಈಗ ಅಲ್ಲಿ ಬರೀ ಮನೆಗಳು. ಆಗ ಅಲ್ಲಿ ಕುರುಚಲು ಗಿಡಗಳಿದ್ದವು, ನರಿಗಳು ಓಡಾಡುತ್ತಿದ್ದವು, ಹುಲ್ಲೆಗಳೂ ಇದ್ದವಂತೆ. ಹುಡುಗ ಕೃಷ್ಣನ್ ಒಂದು ಮುಂಗುಸಿ ಸಾಕಿದ್ದರು.

1925ರಲ್ಲಿ ಇವರ ತಂದೆ ಮದ್ರಾಸ್ ವಿಶ್ವವಿದ್ಯಾನಿಲಯದ ಸಭೆಯಲ್ಲಿ ತಮಿಳನ್ನು ಎಲ್ಲರಿಗೂ ಕಲಿಸಬೇಕೆಂದು ಮಾತಾಡಿ, ಆ ಸಭೆಯಲ್ಲೇ ತೀರಿಕೊಂಡರು. ಆಗ ಕೃಷ್ಣನ್‌ಗೆ ಹದಿಮೂರು ವರ್ಷ. ನನಗೂ ಈಗ ಹದಿಮೂರು. ಇದನ್ನು ಕೇಳಿದಾಗ ನನಗೆ ಒಂಥರಾ ಆಯಿತು, ಅದಕ್ಕೇ ಬರೆದಿದ್ದೇನೆ.

ಮುಂದೆ ಇವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಅಲ್ಲಿ ಫೈಸನ್ ಎಂಬ ಇಂಗ್ಲಿಷ್ ಪ್ರೊಫೆಸರ್ ಇದ್ದರು. ನೀಲಗಿರಿ, ಪಳನಿ ಬೆಟ್ಟಗಳ ಗಿಡಗಳ ಬಗ್ಗೆ ಪುಸ್ತಕ ಬರೆದವರು ಅವರೇ. ಕೃಷ್ಣನ್ ಅವರ ಸಂಗಡ ಬೆಟ್ಟ ಸುತ್ತಿ ಗಿಡ ಗುರುತಿಸುವುದನ್ನು ಕಲಿತರು. ಆಮೇಲೆ ಕಾನೂನನ್ನೂ ಓದಿದರು. ಆದರೆ ಒಳ್ಳೆ ನೌಕರಿ ಸಿಗಲಿಲ್ಲ. ಪ್ರಿಂಟಿಂಗ್ ಕಂಪನಿಯಲ್ಲಿ ಸ್ವಲ್ಪ ದಿನ, ಚಿತ್ರಕಲಾ ಶಾಲೆಯಲ್ಲಿ ಸ್ವಲ್ಪ ದಿನ, ರೇಡಿಯೋದಲ್ಲಿ ಸ್ವಲ್ಪ ದಿನ ಹೀಗೆ ಕೆಲಸ ಮಾಡಿದರು. ಪತ್ರಿಕೆಗಳಿಗೆ ಲೇಖನ ಬರೆದು, ಚಿತ್ರ ಬಿಡಿಸಿ ದುಡಿದರು. 1937ರಲ್ಲಿ ಇಂದುಮತಿ ಹಸಬ್ನೀಸ್ ಅವರನ್ನು ಮದುವೆಯಾದರು.

1942ರಲ್ಲಿ ಸಂಡೂರಿನ ಮಹಾರಾಜರು ಇವರಿಗೆ ಕೆಲಸ ಕೊಟ್ಟರು. ಆಗ ಸಂಡೂರು ಒಂದು ಸಣ್ಣ ಸಂಸ್ಥಾನ. ಸುಮಾರು 430 ಚದರ ಕಿಲೋಮೀಟರ್ ಅಷ್ಟೆ. ಘೋರ್ಪಡೆ ಮನೆತನದವರು ಅಲ್ಲಿ ಆಳುತ್ತಿದ್ದರು. ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಬಸ್ಸು ಹತ್ತಿದರೆ ಒಂದು ತಾಸಿಗೆ ಸಂಡೂರು ಬರುತ್ತದೆ. ಕುಮಾರಸ್ವಾಮಿ ಗುಡಿಗೆ ಹೋದವರು ಆ ಗುಡ್ಡಗಳನ್ನು ನೋಡಿರುತ್ತೀರಿ. ಕೆಳಗೆ ಕೆಂಪು ಮಣ್ಣು, ಮೇಲೆ ಹಸಿರು. ಮಳೆಗಾಲದಲ್ಲಂತೂ ಮೋಡ ಕೈಗೆ ಸಿಗುತ್ತದೆ ಅನಿಸುತ್ತದೆ.

ಸಣ್ಣ ಸಂಸ್ಥಾನ ಆದ್ದರಿಂದ ಕೃಷ್ಣನ್ ಒಬ್ಬರೇ ಹಲವು ಕೆಲಸ ಮಾಡಬೇಕಾಯಿತು. ಶಾಲೆಯಲ್ಲಿ ಮೇಷ್ಟ್ರಾದರು, ನ್ಯಾಯಾಧೀಶರಾದರು, ಪ್ರಚಾರ ಅಧಿಕಾರಿಯಾದರು, ಕಡೆಗೆ ಮಹಾರಾಜರ ಕಾರ್ಯದರ್ಶಿಯೂ ಆದರು. ಇಷ್ಟೆಲ್ಲಾ ಇದ್ದರೂ ಅವರು ಕುರಿ ಮೇಯಿಸಿ ನೋಡಿದರು, ಪಾರಿವಾಳದ ಅಂಚೆ ನಡೆಸಿದರು. ನ್ಯಾಯಾಧೀಶರಾಗಿ ಕುರಿ ಕಾಯೋದು ಅಂದ್ರೆ ನಮ್ಮೂರಲ್ಲಿ ನಗುತ್ತಾರೆ. ಆದರೆ ಕುರಿ ಕಾಯುವವರಿಗೆ ಗುಡ್ಡ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಅಜ್ಜನೂ ಕುರಿ ಕಾಯ್ದವನು, ಅದಕ್ಕೆ ನಾನು ನಗಲಿಲ್ಲ. ಬಿಡುವು ಸಿಕ್ಕಾಗೆಲ್ಲಾ ಕೃಷ್ಣನ್ ಗುಡ್ಡ, ಹಳ್ಳ, ಬಯಲು ತಿರುಗುತ್ತಿದ್ದರು. ಏನು ನೋಡಿದರೋ ಅದನ್ನು ಬರೆಯುತ್ತಿದ್ದರು. ಕಾಡಿನ ಪಾಠವನ್ನು ಇವರು ಕಾಲೇಜಿಗಿಂತ ಹೆಚ್ಚಾಗಿ ನಮ್ಮ ಸೀಮೆಯಲ್ಲೇ ಕಲಿತರು ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

1949ರಲ್ಲಿ ಸಂಡೂರು ಸಂಸ್ಥಾನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಮಹಾರಾಜರ ಆಳ್ವಿಕೆ ಮುಗಿಯಿತು, ಕೃಷ್ಣನ್ ಕೆಲಸವೂ ಮುಗಿಯಿತು. ಆಗ ಅವರಿಗೆ ಮೂವತ್ತೇಳು ವರ್ಷ, ಹೆಂಡತಿ ಮಗ ಇದ್ದರು. ಸರ್ಕಾರಿ ನೌಕರಿ ಸಿಗುವಂತಿತ್ತು, ಅವರು ಒಪ್ಪಲಿಲ್ಲ. ಮದ್ರಾಸಿಗೆ ಹೋಗಿ ಬರವಣಿಗೆ, ಫೋಟೋ ಇವುಗಳಿಂದಲೇ ಜೀವನ ಮಾಡಿದರು. ನಮ್ಮ ಅಪ್ಪನಿಗೆ ಇದನ್ನು ಹೇಳಿದರೆ, ಸಂಬಳದ ಕೆಲಸ ಬಿಟ್ಟವರು ಜಾಣರಾ ಅಂತ ಕೇಳಿದ. ನನಗೂ ಮೊದಲು ಹಂಗೇ ಅನಿಸಿತ್ತು. ಆದರೆ ನೌಕರಿಗೆ ಹೋಗಿದ್ದರೆ ಕಾಡಿಗೆ ಹೋಗಲು ಆಗುತ್ತಿರಲಿಲ್ಲ ಅಲ್ಲವೇ?

1950ರಿಂದ ಅವರು ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆಗೆ ಹದಿನೈದು ದಿನಕ್ಕೊಂದು ಲೇಖನ ಬರೆಯಲು ಶುರು ಮಾಡಿದರು. ಇರುವೆ, ಕಾಗೆ, ಹಲ್ಲಿ, ಆಲದಮರ, ಎಮ್ಮೆ, ಆನೆ ಯಾವುದನ್ನೂ ಬಿಡಲಿಲ್ಲ. ಇದು 46 ವರ್ಷ ನಡೆಯಿತು. ನಮ್ಮ ಗೋಡೆ ಪತ್ರಿಕೆ ತಿಂಗಳಿಗೊಂದು ಬರಬೇಕು, ಎರಡು ತಿಂಗಳಾದರೂ ಬರೋದಿಲ್ಲ. ಇದನ್ನು ನಾವೆಲ್ಲಾ ಯೋಚಿಸಬೇಕು.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಆಗಿನ ಕಾಲಕ್ಕೆ ಕಾಡಿನ ದೊಡ್ಡ ಪ್ರಾಣಿಗಳ ಬಗ್ಗೆ ಹೆಚ್ಚಾಗಿ ಬರೆದವರು ಬೇಟೆಗಾರರು. ಎಷ್ಟು ಹುಲಿ ಹೊಡೆದರು, ಕೊಂಬು ಎಷ್ಟು ಉದ್ದ ಅಂತ ಬರೆಯುತ್ತಿದ್ದರು. ಬದುಕಿರುವ ಪ್ರಾಣಿ ಹೇಗೆ ಇರುತ್ತದೆ ಎನ್ನುವುದು ಕಡಿಮೆ. ಕಾಡುಪ್ರಾಣಿಗಳ ಅಧ್ಯಯನ ಕಲಿಸುವ ಡೆಹ್ರಾಡೂನಿನ ಸಂಸ್ಥೆ ಶುರುವಾಗಿದ್ದೇ 1982ರಲ್ಲಿ. ಕೃಷ್ಣನ್ ಬೇಟೆಗಾರರಾಗಿರಲಿಲ್ಲ. 1959ರಿಂದ 1970ರವರೆಗೆ ದಕ್ಷಿಣ ಭಾರತ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ದೊಡ್ಡ ಸಸ್ತನಿಗಳು ಹೇಗಿವೆ ಎಂದು ನೋಡಿ ಬರೆದರು. 1968ರಲ್ಲಿ ಇದಕ್ಕಾಗಿ ಅವರಿಗೆ ಜವಾಹರಲಾಲ್ ನೆಹರೂ ಫೆಲೋಶಿಪ್ ದೊರೆಯಿತು. ಈ ಕೆಲಸವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1975ರಲ್ಲಿ ಪುಸ್ತಕ ಮಾಡಿದರು.

ಅವರು ಕೆಲಸ ಮಾಡುತ್ತಿದ್ದ ರೀತಿ ಕೇಳಿ ನನಗೆ ಮೊದಲು ಬೇಜಾರಾಯಿತು. ಸಾಹಸ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ನಡೆಯುವುದು, ಕೂರುವುದು, ನೋಡುವುದು, ಬರೆಯುವುದು. ಹಿಂಡಿನಲ್ಲಿ ಹೆಣ್ಣೆಷ್ಟು, ಗಂಡೆಷ್ಟು, ಮರಿ ಎಷ್ಟು? ಯಾವ ಗಿಡದ ಯಾವ ಭಾಗ ತಿಂದವು? ಬೇಸಿಗೆಯಲ್ಲಿ ನೀರಿಗೆ ಎಲ್ಲಿಗೆ ಹೋದವು? ಮಳೆ ಬಿದ್ದ ಮೇಲೆ ಎಲ್ಲಿ ಸೇರಿದವು? ಆನೆಗಳಲ್ಲಿ ಇದು ಯಾವುದು ಅಂತ ಕಿವಿಯ ಅಂಚು, ದಂತ, ಬಾಲ ನೋಡಿ ಗುರುತು ಹಿಡಿಯಬಹುದು. ಸಸ್ಯಶಾಸ್ತ್ರ ಓದಿದ್ದು ಇಲ್ಲಿ ಅವರ ಉಪಯೋಗಕ್ಕೆ ಬಂತು. ಪ್ರಾಣಿ ತಿಂದ ಸೊಪ್ಪಿನ ಹೆಸರು ಗೊತ್ತಿಲ್ಲದಿದ್ದರೆ ಅದು ಹೇಗೆ ಬದುಕುತ್ತದೆ ಅಂತ ಹೇಗೆ ತಿಳಿಯುತ್ತದೆ?

ಮುದುಮಲೈ ಕಾಡಿನಲ್ಲಿ ಅವರು ಸಾಕಿದ ಆನೆಯ ಮೇಲೆ ಕೂತು ಕಾಡಾನೆಗಳ ಹತ್ತಿರ ಹೋಗುತ್ತಿದ್ದರು. ಕೆಳಗೆ ನಡೆದು ಹೋದರೆ ಕಾಡಾನೆಗಳಿಗೆ ಮನುಷ್ಯರ ವಾಸನೆ ಹತ್ತುತ್ತದೆ. ಆನೆ ಮೇಲೆ ಕೂತರೆ ಅಷ್ಟು ಬೆದರುವುದಿಲ್ಲ. ಫೋಟೋ ಎಲ್ಲಾ ಕಪ್ಪು ಬಿಳುಪು. ಬೇರೆ ಬೇರೆ ಕ್ಯಾಮರಾಗಳ ಭಾಗ ಜೋಡಿಸಿ ತಾವೇ ಒಂದು ದೊಡ್ಡ ಕ್ಯಾಮರಾ ಮಾಡಿಕೊಂಡಿದ್ದರು. ಅದು ಎಷ್ಟು ಭಾರ ಇತ್ತೆಂದರೆ ತಮಾಷೆಗೆ ಅದಕ್ಕೆ ಸೂಪರ್ ಪಾಂಡರೋಸಾ ಅಂತ ಹೆಸರಿಟ್ಟಿದ್ದರು.

ಇದನ್ನೆಲ್ಲಾ ಕೇಳಿದ ಮೇಲೆ ನಾನೂ ಒಂದು ಪರೀಕ್ಷೆ ಮಾಡಿದೆ. ವಿರೂಪಾಕ್ಷ ಗುಡಿಯ ಲಕ್ಷ್ಮಿ ಆನೆ ನಾನು ಹುಟ್ಟಿದಾಗಿನಿಂದ ನೋಡಿದ ಆನೆ. ನೋಟ್ ಬುಕ್ ತಗೊಂಡು ಅದರ ಬಗ್ಗೆ ಗೊತ್ತಿರುವುದನ್ನು ಬರೆಯಲು ಕೂತರೆ ನಾಲ್ಕೇ ಸಾಲು ಬಂತು. ಅದರಲ್ಲಿ ಎರಡು ಸಾಲು ಕನ್ನಡ ಪುಸ್ತಕದ್ದು. ಮರುದಿನ ಬೆಳಿಗ್ಗೆ ಅದು ಸ್ನಾನಕ್ಕೆ ಹೊಳೆಗೆ ಬಂದಾಗ ಮೆಟ್ಟಿಲ ಮೇಲೆ ಕೂತು ನೋಡಿದೆ. ಎರಡು ಕಿವಿಯ ಅಂಚೂ ಒಂದೇ ಥರ ಇಲ್ಲ. ಮೆಟ್ಟಿಲು ಇಳಿಯುವ ಮೊದಲು ಸೊಂಡಿಲಿನಿಂದ ಮುಟ್ಟಿ ನೋಡುತ್ತದೆ. ನಿಂತಾಗಲೂ ಕಿವಿ ಬೀಸುವುದು ನಿಲ್ಲುವುದಿಲ್ಲ. ಆ ದಿನ ಒಂದು ಪುಟ ತುಂಬಿತು. ಹದಿಮೂರು ವರ್ಷ ನೋಡಿದ್ದು ನೋಡಿದ್ದೇ ಅಲ್ಲ ಅಂತ ಆಗ ಗೊತ್ತಾಯಿತು.

ಕೃಷ್ಣನ್ ಅವರು ಇನ್ನೊಂದು ಮಾತನ್ನು ಜೀವನ ಪೂರ್ತಿ ಹೇಳಿದರು. ಪ್ರಾಣಿ ಉಳಿಯಬೇಕಾದರೆ ಅದರ ಕಾಡು ಉಳಿಯಬೇಕು, ಕಾಡು ಅಂದರೆ ಆ ನೆಲದ್ದೇ ಗಿಡಗಳು. ಹೊರದೇಶದ ಗಿಡಗಳನ್ನು ತಂದು ಸಾಲಾಗಿ ನೆಟ್ಟು ಕಾಡು ಬೆಳೆಸಿದೆವು ಅನ್ನುವುದನ್ನು ಅವರು ಒಪ್ಪುತ್ತಿರಲಿಲ್ಲ. ದೊಡ್ಡ ಅಧಿಕಾರಿಗಳ ಎದುರಿಗೂ ಹಾಗೆಯೇ ಹೇಳುತ್ತಿದ್ದರು. ಭಾರತ ಸರ್ಕಾರ ಇವರಿಗೆ ಪದ್ಮಶ್ರೀ ಕೊಟ್ಟಿತು. 1973ರಲ್ಲಿ ಶುರುವಾದ ಹುಲಿ ಯೋಜನೆಯ ಸಮಿತಿಯಲ್ಲೂ ಇವರು ಇದ್ದರು. ನಮ್ಮ ಬಂಡೀಪುರ ಆ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು.

ಇವರ ನಂತರ ಈ ವಿದ್ಯೆ ಬಹಳ ಮುಂದುವರಿದಿದೆ. ಶಿವರಾಮ ಕಾರಂತರ ಮಗ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಅವು ತಿರುಗಾಡುವ ಜಾಗ ಕಂಡುಹಿಡಿದರು, ತಾನಾಗಿ ಫೋಟೋ ತೆಗೆಯುವ ಕ್ಯಾಮರಾ ಇಟ್ಟು ಮೈಮೇಲಿನ ಪಟ್ಟೆ ನೋಡಿ ಎಣಿಸಿದರು. ಆದರೂ ಮೊದಲು ಬೇಕಾದದ್ದು ಕೃಷ್ಣನ್ ಹತ್ತಿರ ಇದ್ದಂಥ ತಾಳ್ಮೆಯೇ ಎಂದು ಸರ್ ಹೇಳುತ್ತಾರೆ.

1996ನೇ ಇಸವಿ ಫೆಬ್ರವರಿ 18ರಂದು ಕೃಷ್ಣನ್ ತೀರಿಕೊಂಡರು. ಅವರ ಕೊನೆಯ ಲೇಖನ ಅದೇ ದಿನ ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಆಗ ಅವರಿಗೆ 83 ವರ್ಷ.

ಅವರು ತಿರುಗಾಡಿದ ಸಂಡೂರಿನಲ್ಲಿ ಆಮೇಲೆ ಅದಿರು ಬಗೆದು ಲಾರಿಗಳಲ್ಲಿ ಸಾಗಿಸಿದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸಿತು, ಮುಂದೆ ಮಿತಿ ಹಾಕಿ ಮತ್ತೆ ಬಿಟ್ಟಿತು. ನಮ್ಮ ಕಡೆ ಕರಡಿಗಳಿಗಾಗಿ 1994ರಲ್ಲೇ ದರೋಜಿ ಕರಡಿಧಾಮ ಆಗಿದೆ. ಅಲ್ಲಿ ಬಂಡೆಗಳ ಗವಿ ಇವೆ, ಕವಳಿಹಣ್ಣು, ಬಾರೆಹಣ್ಣು ಇವೆ, ಹುತ್ತ ಇವೆ. ಕರಡಿಗೆ ಮೇಲಿನ ಮುಂದಿನ ಹಲ್ಲು ಎರಡು ಇಲ್ಲ. ಆ ಸಂದಿಯಿಂದ ಹುತ್ತದ ಗೆದ್ದಲನ್ನು ಹೀರಿ ತಿನ್ನುತ್ತದೆ. ಅದಕ್ಕೆ ವಾಸನೆ ಚೆನ್ನಾಗಿ ಗೊತ್ತಾಗುತ್ತದೆ, ಕಣ್ಣು ಮಂದ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹತ್ತಿರ ಬರುವವರೆಗೆ ಮನುಷ್ಯ ಗೊತ್ತಾಗದಿದ್ದರೆ ಹೆದರಿ ಮೇಲೆ ಬೀಳುತ್ತದೆ. ಸರ್ ಕೇಳಿದ ಪ್ರಶ್ನೆಗಳಿಗೆ ಈಗ ಇಷ್ಟು ಉತ್ತರ ಕೊಡಬಲ್ಲೆ.

ಇದನ್ನು ಬರೆಯುವ ಮೊದಲು ನೋಟ್ ಬುಕ್ ತಗೊಂಡು ಮಾಮನ ಹತ್ತಿರ ಹೋದೆ. ಎಷ್ಟು ಹೊತ್ತಾಗಿತ್ತು, ಗಾಳಿ ಯಾವ ಕಡೆಯಿಂದ ಇತ್ತು, ಕರಡಿ ಎಲ್ಲಿ ನಿಂತಿತ್ತು ಅಂತ ಕೇಳಿದೆ. ಮೊದಲು ಮಾಮ ಸಿಟ್ಟಾದ. ಅವನ ಗಾಯ ನನಗೆ ಪಾಠ ಆಯಿತಾ ಅಂತ ಕೇಳಿದ. ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಹೇಳಿದ. ಬ್ಯಾಟರಿ ಒಯ್ದಿರಲಿಲ್ಲ. ಬರಿಗಾಲಲ್ಲಿ ಸಪ್ಪಳ ಇಲ್ಲದೆ ಹೋಗಿದ್ದ. ಗಾಳಿ ಎದುರಿನಿಂದ ಇತ್ತು. ಬದುವಿನ ಹುತ್ತ ದಾಟಿದ ಕೂಡಲೇ ಕರಡಿ ಎದುರಿಗೇ ಇತ್ತು. ಹಿಂದೆ ಮರಿ ಕೂಗಿದ್ದು ಕೇಳಿಸಿತ್ತು. ಮರಿಯ ವಿಷಯ ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವ್ವ ಒಳಗಿನಿಂದ ಬಂದು ನಿಂತು ಕೇಳಿದಳು.

ಮಾಮನಿಗೆ ಕರಡಿ ಅಂದರೆ ಈಗಲೂ ಆಗೋದಿಲ್ಲ. ನನಗೂ ಹೆದರಿಕೆ ಐತೆ. ಆದರೆ ಈಗ ಮಾಮ ನಸುಕಿನಲ್ಲಿ ಹೋಗುವಾಗ ಬ್ಯಾಟರಿ ಒಯ್ಯುತ್ತಾನೆ, ಕೋಲು ಬಡಿಯುತ್ತಾ, ಕೆಮ್ಮುತ್ತಾ ಹೋಗುತ್ತಾನೆ. ಕೊಲ್ಲಬೇಕು ಅಂತ ತರಗತಿಯಲ್ಲಿ ನಾನು ಹೇಳಿದ ಮಾತನ್ನು ಇಲ್ಲಿ ವಾಪಸ್ ತಗೊಂಡಿದ್ದೇನೆ. ಹೊಲಕ್ಕೆ ಬೇಗ ಹೋಗುವ ಮನೆಯವರು ಯಾರಿದ್ದಾರೋ ಅವರೆಲ್ಲಾ ಇದನ್ನು ಮನೆಯಲ್ಲಿ ಹೇಳಿರಿ.

ನಾನು ದೊಡ್ಡವನಾದ ಮೇಲೆ ಕೃಷ್ಣನ್ ಹಾಗೆ ಕಾಡುಪ್ರಾಣಿ ನೋಡುವ ಕೆಲಸ ಮಾಡಬೇಕು ಅಂದುಕೊಂಡಿದ್ದೇನೆ. ಅಪ್ಪ ಇನ್ನೂ ಒಪ್ಪಿಲ್ಲ. ಹಾಳೆ ಮುಗಿಯಿತು. ಅಕ್ಷರ ಸಣ್ಣದಾಗಿದ್ದಕ್ಕೆ, ತಪ್ಪಿದ್ದರೆ ಅದಕ್ಕೂ ಕ್ಷಮೆ ಇರಲಿ ಎಂದು ಕೇಳಿಕೊಂಡು ನನ್ನ ಲೇಖನ ಮುಗಿಸುತ್ತೇನೆ.

ಏಳನೇ ತರಗತಿ, ಹಂಪಿ ಬಜಾರ್