ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಸೂಲಗಿತ್ತಿಯರ ಶಿಕ್ಷಣ

ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಕೈಯಲ್ಲಿ ದೀಪ ಹಿಡಿದು, ಗಾಯಗೊಂಡ ಸೈನಿಕರ ಹಾಸಿಗೆಗಳ ನಡುವೆ ಇರುಳೆಲ್ಲ ನಡೆದಾಡಿದ ಮಹಿಳೆಯ ಚಿತ್ರ ನಮಗೆಲ್ಲ ಪ್ರಾಥಮಿಕ ಶಾಲೆಯಿಂದಲೇ ಪರಿಚಿತವಾದುದು. ಆದರೆ ಆಕೆ ಹಳ್ಳಿಗಾಡಿನ ಬಡ ತಾಯಂದಿರಿಗಾಗಿ ಸೂಲಗಿತ್ತಿಯರ ಶಾಲೆಯೊಂದನ್ನು ತೆರೆಸಿದಳೆಂಬುದೂ, ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯಿತೆಂಬುದೂ, ಮುಚ್ಚಿದ ಶಾಲೆಯಿಂದಲೇ ಆಕೆ ದೊಡ್ಡದೊಂದು ಪಾಠ ಕಲಿತಳೆಂಬುದೂ ಬಹು ಮಂದಿಗೆ ತಿಳಿಯದು. ಸಕಲೇಶಪುರ, ಆಲೂರು ಸೀಮೆಯ ನಮಗೆ ದೀಪದ ಕಥೆಗಿಂತ ಈ ಕಥೆಯೇ ಹೆಚ್ಚು ಪ್ರಯೋಜನಕಾರಿ ಎಂದು ಹೇಳಬಹುದು.

ನೈಟಿಂಗೇಲ್ 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದಳು. ತಂದೆತಾಯಿಗಳು ಸಿರಿವಂತರಾದ ಆಂಗ್ಲರು. ಮಗು ಹುಟ್ಟಿದ ಊರಿನ ಹೆಸರನ್ನೇ ಮಗುವಿಗೂ ಇಟ್ಟರು. ತಂದೆ ತಾನೇ ಗುರುವಾಗಿ ಆಕೆಗೆ ಗ್ರೀಕ್, ಲ್ಯಾಟಿನ್, ಇತಿಹಾಸಗಳನ್ನು ಕಲಿಸಿದನು. ಗಣಿತದಲ್ಲಿ ಆಕೆಗೆ ವಿಶೇಷ ಒಲವು. ದಾದಿಯ ಕೆಲಸವೆಂದರೆ ಮನೆತನಸ್ಥರು ಮೂಗುಮುರಿಯುತ್ತಿದ್ದ ಕಾಲವದು. ಮನೆಯವರ ವಿರೋಧವನ್ನು ವರ್ಷಗಟ್ಟಲೆ ಸಹಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳು ಶುಶ್ರೂಷೆಯನ್ನು ಅಭ್ಯಾಸಮಾಡಿದಳು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆಂದು 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಗೆ ಹೊರಟಳು. ಅಲ್ಲಿ ಗುಂಡಿನಿಂದ ಸತ್ತವರಿಗಿಂತ ಕೊಳಕಿನಿಂದಲೂ ರೋಗದಿಂದಲೂ ಸತ್ತವರೇ ಹೆಚ್ಚು. 1855ರ ವಸಂತದಲ್ಲಿ ಚರಂಡಿಗಳನ್ನು ಶುದ್ಧಿಮಾಡಿದ ಮೇಲೆ ಸಾವು ಇಳಿಮುಖವಾಯಿತು. ಊರಿಗೆ ಮರಳಿದ ಮೇಲೆ ಆಕೆ ಸತ್ತವರ ಲೆಕ್ಕವನ್ನೆಲ್ಲ ಒಂದುಗೂಡಿಸಿ, ಸಾಮಾನ್ಯರಿಗೂ ಅರ್ಥವಾಗುವಂತೆ ಬಣ್ಣದ ನಕ್ಷೆಗಳಲ್ಲಿ ತೋರಿಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಪ್ರಥಮ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. ದೀಪದಷ್ಟೇ ಲೆಕ್ಕದ ಪುಸ್ತಕವೂ ಆಕೆಯ ಕೈಯ ಆಯುಧವಾಗಿತ್ತು.

ಕೃತಜ್ಞರಾದ ಜನ ಆಕೆಯ ಹೆಸರಿನಲ್ಲಿ ನಿಧಿಯೊಂದನ್ನು ಕೂಡಿಸಿದರು. ಆ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಮರುವರ್ಷ ಅದೇ ನಿಧಿಯ ನೆರವಿನಿಂದ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹೆರಿಗೆಯ ವಾರ್ಡೊಂದನ್ನು ಏರ್ಪಡಿಸಿ, ಹಳ್ಳಿಯ ಹೆಂಗಸರಿಗೆ ಆರು ತಿಂಗಳ ಶಿಕ್ಷಣ ಕೊಡುವ ಯೋಜನೆ ರೂಪುಗೊಂಡಿತು. ವೈದ್ಯರು ಕಾಲಿಡದ ಹಳ್ಳಿಗಳಲ್ಲಿ ಬಡವರ ಹೆರಿಗೆಯನ್ನು ನೋಡಿಕೊಳ್ಳುವವರು ಬೇಕೆಂಬುದು ಉದ್ದೇಶ. ಯೋಜನೆ ಉದಾತ್ತವಾಗಿತ್ತು, ಕಲಿಸುವವರೂ ನಿಷ್ಠಾವಂತರಾಗಿದ್ದರು.

ಆದರೂ ವಾರ್ಡಿನಲ್ಲಿ ಸೂತಿಕಾ ಜ್ವರ ತಲೆಯೆತ್ತಿತು. ಹೆರಿಗೆಯಾಗಿ ಕೆಲವು ದಿನಗಳಲ್ಲೇ ಬಾಣಂತಿಯರು ಜ್ವರಬಂದು ಸಾಯತೊಡಗಿದರು. 1867ರಲ್ಲಿ ಸಾವು ಮಿತಿಮೀರಿತು. ಐದಾರು ವರ್ಷಗಳ ಲೆಕ್ಕ ತೆಗೆದಾಗ 780 ಹೆರಿಗೆಗಳಲ್ಲಿ 26 ತಾಯಂದಿರು ಸತ್ತಿದ್ದರು. ಎಂದರೆ ಸಾವಿರಕ್ಕೆ 33. ಇಡೀ ಇಂಗ್ಲೆಂಡಿನ ಲೆಕ್ಕದಲ್ಲಿ ಆ ಸಂಖ್ಯೆ ಸಾವಿರಕ್ಕೆ ಸುಮಾರು 5 ಮಾತ್ರ. ಗುಡಿಸಲಿನಲ್ಲಿ ಹೆತ್ತ ಬಡವಿ ಬದುಕುತ್ತಿದ್ದಳು. ತರಬೇತಿಯ ಶಾಲೆಗೆ ಬಂದು ಹೆತ್ತವಳು ಸಾಯುತ್ತಿದ್ದಳು! ಶಾಲೆಯನ್ನು ಮುಚ್ಚಲಾಯಿತು.

ಇಂತಹ ಸಂದರ್ಭದಲ್ಲಿ ಬಹು ಜನ ವಿಧಿಯನ್ನು ಹಳಿದು ಸುಮ್ಮನಾಗುತ್ತಾರೆ. ನೈಟಿಂಗೇಲ್ ಹಾಗೆ ಮಾಡಲಿಲ್ಲ. ಬಹುಕಾಲದಿಂದ ಕಾಯಿಲೆಯಾಗಿ ಹಾಸಿಗೆ ಹಿಡಿದಿದ್ದರೂ, ಯೂರೋಪಿನ ನಾನಾ ಆಸ್ಪತ್ರೆಗಳಿಂದ ಹೆರಿಗೆ ಮತ್ತು ಸಾವುಗಳ ಅಂಕಿಗಳನ್ನು ತರಿಸಿ ತಾಳೆನೋಡಿದಳು. 1871ರಲ್ಲಿ ಹೆರಿಗೆ ಆಸ್ಪತ್ರೆಗಳನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿ, ಅದನ್ನು ತತ್ತ್ವಜ್ಞಾನಿ ಸಾಕ್ರೆಟೀಸನ ತಾಯಿಗೆ ಅರ್ಪಿಸಿದಳು. ಆ ತಾಯಿಯೂ ಸೂಲಗಿತ್ತಿಯಾಗಿದ್ದಳು.

ಆ ಪುಸ್ತಕದ ಸಾರವೇನು? ಹೆರಿಗೆ ರೋಗವಲ್ಲ, ಆದುದರಿಂದ ರೋಗಿಗಳಿರುವ ಸಾಮಾನ್ಯ ಆಸ್ಪತ್ರೆಯ ಸೂರಿನಡಿ ಬಾಣಂತಿಯರನ್ನು ಇಡಬಾರದು. ಹಲವರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಬಾರದು. ಕೋಣೆಗಳನ್ನು ಸರದಿಯ ಮೇಲೆ ಖಾಲಿಮಾಡಿ ತೊಳೆದು ಸುಣ್ಣ ಬಳಿಯಬೇಕು. ಶವಪರೀಕ್ಷೆಯ ಕಡೆಯಿಂದ ಬರುವ ವೈದ್ಯ ವಿದ್ಯಾರ್ಥಿಗಳನ್ನು ದೂರವಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆರು ತಿಂಗಳ ಕಲಿಕೆಯಿಂದ ಬಾಣಂತಿಯ ಆರೈಕೆ ಮಾಡುವ ದಾದಿ ಸಿದ್ಧಳಾದಾಳೇ ಹೊರತು ಕಷ್ಟದ ಹೆರಿಗೆಯನ್ನೂ ನಿಭಾಯಿಸಬಲ್ಲ ಪರಿಣತೆಯಲ್ಲ. ಅದಕ್ಕೆ ಎರಡು ವರ್ಷಗಳ ಶಿಕ್ಷಣ ಬೇಕು. ಆಕೆ ಬಯಸಿದ ಆ ಹೊಸ ಶಾಲೆ ಆಕೆಯ ಕಾಲದಲ್ಲಿ ಏಳಲೇ ಇಲ್ಲ. ಇಂಗ್ಲೆಂಡಿನಲ್ಲಿ ಸೂಲಗಿತ್ತಿಯರ ಶಿಕ್ಷಣಕ್ಕೆ ಕಾಯಿದೆ ಬಂದುದು 1902ರಲ್ಲಿ.

ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲೇ ವಿದ್ಯಾರ್ಥಿಗಳ ಕೈಗಳನ್ನು ಕ್ಲೋರಿನ್ ನೀರಿನಲ್ಲಿ ತೊಳೆಯಿಸಿ ಬಾಣಂತಿಯರ ಸಾವನ್ನು ತಗ್ಗಿಸಿದ್ದನು, ಜಗತ್ತು ಕಿವಿಗೊಡಲಿಲ್ಲ. ಈ ಜ್ವರಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಪಾಶ್ಚರ್ ತೋರಿಸಿದ್ದು 1879ರಲ್ಲಿ. ನೈಟಿಂಗೇಲಳಿಗೆ ಆ ಜೀವಿ ಗೊತ್ತಿರಲಿಲ್ಲ. ಕಾರಣ ಪೂರ್ತಿ ತಿಳಿಯದಿದ್ದರೂ ಲೆಕ್ಕ ಹೇಳಿದ ಸತ್ಯವನ್ನು ಒಪ್ಪಿಕೊಂಡುದೇ ಆಕೆಯ ಹಿರಿಮೆ.

ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿಯ ನೈರ್ಮಲ್ಯವನ್ನು ಕುರಿತು ದಶಕಗಳ ಕಾಲ ಬರೆದಳು. ಭಾರತೀಯ ಸ್ತ್ರೀಯರಿಗೆ ವೈದ್ಯ, ಶುಶ್ರೂಷೆ ಮತ್ತು ಪ್ರಸೂತಿಯ ಶಿಕ್ಷಣ ಕೊಡಲು 1885ರಲ್ಲಿ ಲೇಡಿ ಡಫರಿನ್ ನಿಧಿ ಹುಟ್ಟಿದಾಗ ಸಲಹೆಗಳನ್ನಿತ್ತಳು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವವನ್ನು ಪಡೆದ ಮೊದಲ ಮಹಿಳೆಯಾಗಿ, 1910ನೆಯ ಇಸವಿ ಆಗಸ್ಟ್ 13ರಂದು ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇನ್ನು ನಮ್ಮ ಕಡೆಗೆ ನೋಡೋಣ. ಮುಂಗಾರು ಹಿಡಿದರೆ ನಮ್ಮ ಬೆಟ್ಟಗಳಲ್ಲಿ ಹಳ್ಳ ತುಂಬುತ್ತದೆ, ಮರ ಬಿದ್ದು ದಾರಿ ಕಟ್ಟುತ್ತದೆ. ಕತ್ತಲಾದರೆ ಕಾಡಾನೆಯ ಭಯ. ತೋಟದ ಲೈನ್ ಮನೆಯಲ್ಲಿ ನೋವು ತಿನ್ನುವ ಹೆಂಗಸಿಗೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯೂ ದೂರ, ಹಾಸನ ಇನ್ನೂ ದೂರ. ಹಿಂದೆ ಊರಿನ ಸೂಲಗಿತ್ತಿಯೇ ಗತಿಯಾಗಿದ್ದಳು. ಈಗ ಆಶಾ ಕಾರ್ಯಕರ್ತೆಯರಿದ್ದಾರೆ, 108ರ ವಾಹನವಿದೆ, ಎರಡು ವರ್ಷ ಓದಿದ ಆರೋಗ್ಯ ಸಹಾಯಕಿಯರಿದ್ದಾರೆ. ನುರಿತ ದಾದಿಯರಿಗೆ ಪ್ರಸೂತಿಯಲ್ಲೇ 18 ತಿಂಗಳ ಹೆಚ್ಚಿನ ಶಿಕ್ಷಣ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿತು.

ಇವೆಲ್ಲ ಸಂತೋಷದ ಸಂಗತಿಗಳೇ. ಆದರೂ 2018–20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ ನೆರೆಯ ಕೇರಳದಲ್ಲಿ 19 ಮಂದಿ. ಜಗತ್ತಿನಲ್ಲಿ 2023ರಲ್ಲಿ ಸುಮಾರು 2,60,000 ತಾಯಂದಿರು ಬಸಿರು ಬಾಣಂತನಗಳಲ್ಲಿ ಪ್ರಾಣಬಿಟ್ಟರು. ಅವರಲ್ಲಿ ಬಹುಪಾಲು ಬಡ ದೇಶಗಳವರು.

ಶಾಲೆಗಳ ಸಂಖ್ಯೆ ಬೆಳೆದ ಮಾತ್ರಕ್ಕೆ ತಾಯಂದಿರು ಉಳಿಯುವುದಿಲ್ಲ. ಕಲಿಯುವವಳು ಎಷ್ಟು ಹೆರಿಗೆಗಳನ್ನು ತನ್ನ ಕೈಯಾರೆ ಮಾಡಿಸಿದಳು, ಯಾರ ಕಣ್ಣೆದುರಿಗೆ ಮಾಡಿಸಿದಳು, ಕಲಿತ ಜಾಗ ಎಷ್ಟು ಶುದ್ಧವಾಗಿತ್ತು, ಅಲ್ಲಿ ಸತ್ತವರ ಲೆಕ್ಕವನ್ನು ಯಾರು ಇಟ್ಟರು ಎಂಬ ಪ್ರಶ್ನೆಗಳನ್ನು ಕೇಳಲೇಬೇಕು. ನಮ್ಮ ಸಹಪಾಠಿನಿಯರಲ್ಲಿಯೂ ಅವರ ತಂಗಿಯರಲ್ಲಿಯೂ ಕೆಲವರು ನಾಳೆ ಶುಶ್ರೂಷೆಯ ವೃತ್ತಿಯನ್ನು ಹಿಡಿಯಬಹುದು. ಅವರು ದೀಪದೊಡನೆ ಲೆಕ್ಕದ ಪುಸ್ತಕವನ್ನೂ ಕೈಗೆತ್ತಿಕೊಂಡರೆ ನಮ್ಮ ಬೆಟ್ಟಗಳ ತಾಯಂದಿರು ಅವರನ್ನು ಹರಸುವರು.